ಚೌಕಟ್ಟು ಬಿದ್ದ ಜಾಗ

"ಚಪ್ಲಿ ಅಲ್ಲೇ ಬಿಡೋ," ಅಂದಳು ಮುನಿಶಾಮಮ್ಮ.

ಗಂಗುಲಪ್ಪ ಸುತ್ತ ನೋಡಿದ. ಗುಡಿಯಿರಲಿಲ್ಲ, ಅರಿಶಿನ ಕುಂಕುಮ ಹಚ್ಚಿದ ಕಲ್ಲೂ ಇರಲಿಲ್ಲ. ಎದುರಿಗೆ ಆಳೆತ್ತರದ ದುಂಡುಬಂಡೆ, ಅದಕ್ಕೆ ಒರಗಿಕೊಂಡು ಬೆಳೆದ ಕಾರೆಮೆಳೆ, ಬುಡದಲ್ಲಿ ಒಣಗಿದ ತರಗು, ಅಷ್ಟೆ. ಕೆಳಗೆ ಗುಟ್ಟಪಲ್ಲಿಯ ಹೆಂಚಿನ ಮನೆಗಳು, ಹಿಪ್ಪುನೇರಳೆ ತೋಟಗಳ ಹಸಿರು ಪಟ್ಟಿ, ಅದರಾಚೆ ಕುರುಡುಮಲೆಯ ಕಡೆಗೆ ಹೋಗುವ ಬಸ್ಸು ಎಬ್ಬಿಸಿದ ಧೂಳು ಇನ್ನೂ ಗಾಳಿಯಲ್ಲೇ ನಿಂತಿತ್ತು. ಅಕ್ಕನ ಮಾತಿಗೆ ಯಾಕೆ ಎಂದು ಕೇಳುವ ವಯಸ್ಸು ಅವನಿಗೆ ಯಾವತ್ತೋ ಬಂದಿತ್ತು. ಅಭ್ಯಾಸ ಮಾತ್ರ ಬಂದಿರಲಿಲ್ಲ. ಚಪ್ಪಲಿ ಬಿಟ್ಟ.

ಮುನಿಶಾಮಮ್ಮ ಕುಕ್ಕರುಗಾಲಲ್ಲಿ ಕೂತು ಕುಡುಗೋಲಿನ ಬೆನ್ನಿನಿಂದ ಮುಳ್ಳುಕೊಂಬೆಯನ್ನು ಎತ್ತಿ ಹಿಡಿದಳು. ಒಳಗೆ, ಬಂಡೆಯ ಸಂದಿನಿಂದ ಎದ್ದು ಕಾರೆಗಿಡವನ್ನು ಸುತ್ತಿಕೊಂಡು ಮೇಲೆ ಹೋಗಿದ್ದ ಬೆರಳುಗಾತ್ರದ ಬಳ್ಳಿಯೊಂದು ಕಾಣಿಸಿತು. ಜೋಡಿ ಜೋಡಿ ಎಲೆ, ದಪ್ಪಗೆ, ನುಣ್ಣಗೆ. ಗಂಗುಲಪ್ಪ ಒಂದು ಎಲೆಯನ್ನು ಚಿವುಟಿದ. ಬೆಳ್ಳಗೆ ಹಾಲು ಒಸರಿತು.

"ಮಾಗಳಿ," ಅಂದ.

"ಅವ್ವಂದು," ಅಂದಳು ಅವಳು.

ಕೋಲಾರದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾಗಿ ಹನ್ನೆರಡು ವರ್ಷಗಳಿಂದ ಅವನು ಈ ಬಳ್ಳಿಯ ಹೂವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತ ಬಂದಿದ್ದ. ಈ ಬೇರಿನ ಉಪ್ಪಿನಕಾಯಿ ತಿಂದೇ ಬೆಳೆದಿದ್ದ. ಆದರೆ ಅದು ಹುಟ್ಟಿದ ಜಾಗವನ್ನು ನೋಡುತ್ತಿದ್ದುದು ಇದೇ ಮೊದಲು. ಕಾರೆಗುಟ್ಟವೆಂಬ ಈ ಕಲ್ಲುಬೆಟ್ಟದ ಗಿಡಗಳನ್ನು ಎಣಿಸುತ್ತ ಎರಡು ವಾರ ಅಲೆದಿದ್ದರೂ ಅವನ ಕಣ್ಣಿಗೆ ಒಂದು ಮಾಗಳಿಯೂ ಬಿದ್ದಿರಲಿಲ್ಲ. ಗುಟ್ಟದಲ್ಲಿ ಮಾಗಳಿ ಮುಗಿದುಹೋಗಿದೆ ಎಂದುಕೊಂಡಿದ್ದ.

ಮುಗಿಸಿದವರು ಗಂಡಸರು ಎಂಬುದು ಅವರ ತಾಯಿ ದೊಡ್ಡಗಂಗಮ್ಮನ ನಂಬಿಕೆಯಾಗಿತ್ತು. ಗಂಡಸರಿಗೆ ಬೇರು ತೋರಿಸಿದರೆ ಹಾರೆ ತಂದು ಬುಡಸಮೇತ ಎತ್ತಿ ಸಂತೆಗೆ ಹಾಕುತ್ತಾರೆ. ಅದಕ್ಕೇ ಆ ಮನೆಯಲ್ಲಿ ಬಳ್ಳಿಯ ಜಾಗ ತಾಯಿಯಿಂದ ಮಗಳಿಗೆ ಮಾತ್ರ ಗೊತ್ತಾಗುತ್ತಿತ್ತು. ಮಕರಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ದೊಡ್ಡಗಂಗಮ್ಮ ಸೊಪ್ಪು ತರುವ ನೆಪದಲ್ಲಿ ಗುಟ್ಟ ಹತ್ತುತ್ತಿದ್ದಳು. ಮಣ್ಣನ್ನು ಕೋಲಿನಿಂದ ಕೆದಕಿ, ಒಂದು ಬೇರು ಕಿತ್ತರೆ ಇನ್ನೊಂದನ್ನು ಹಾಗೇ ಬಿಟ್ಟು ಮಣ್ಣು ಮುಚ್ಚುತ್ತಿದ್ದಳು. ಮುಚ್ಚುವಾಗ, ಮನೆಯಲ್ಲಿ ಕನ್ನಡ ಆಡುವವಳು, ದೇವರ ಹತ್ತಿರ, ದನಗಳ ಹತ್ತಿರ ಆಡುವಂತೆ ತೆಲುಗಿನಲ್ಲಿ, "ನಾಕೊಕಟಿ, ನೀಕೊಕಟಿ" ಎನ್ನುತ್ತಿದ್ದಳು. ನನಗೊಂದು, ನಿನಗೊಂದು.

ಬೇರು ಮನೆಗೆ ಬಂದ ದಿನ ಬೀದಿಗೆಲ್ಲ ಗೊತ್ತಾಗುತ್ತಿತ್ತು, ಅಂಥ ವಾಸನೆ. ತೊಳೆದು, ಗುಂಡುಕಲ್ಲಿನಿಂದ ಮೆಲ್ಲಗೆ ಜಜ್ಜಿ, ಒಳಗಿನ ನಾರೆಳೆದು, ತುಂಡು ಮಾಡಿ ನಿಂಬೆರಸದಲ್ಲಿ ಹಾಕಿದರೆ ಎರಡು ದಿನ ಅಡುಗೆಮನೆಯೇ ಬೇರೆ ಯಾರದೋ ಮನೆಯ ಹಾಗಿರುತ್ತಿತ್ತು. ಎಪ್ಪತ್ತರ ಸುಮಾರಿಗೆ ಗಂಗುಲಪ್ಪ ಕೋಲಾರದ ಹಾಸ್ಟೆಲ್ಲಿನಲ್ಲಿದ್ದಾಗ ಮುನಿಶಾಮಮ್ಮ ಆ ಉಪ್ಪಿನಕಾಯಿಯನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮುಳಬಾಗಿಲಿನ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದಳು. ಕೋಣೆಯ ಹುಡುಗರು ಮೂಗು ಮುಚ್ಚಿಕೊಂಡು, ಗಂಗುಲನ ಊರಲ್ಲಿ ತಿಗಣೆ ಉಪ್ಪಿನಕಾಯಿ ಹಾಕುತ್ತಾರೆ ಎಂದು ರೇಗಿಸುತ್ತಿದ್ದರು. ಬೇಸಿಗೆ ಬರುವಷ್ಟರಲ್ಲಿ ಅವರೇ ಬಾಟಲಿಯ ತಳಕ್ಕೆ ಮೊಸರನ್ನ ಹಾಕಿ ಕಲಸಿಕೊಂಡು ತಿನ್ನುತ್ತಿದ್ದರು. ಎಪ್ಪತ್ತಾರರಲ್ಲಿ ದೊಡ್ಡಗಂಗಮ್ಮ ಹೋದಳು. ಬಾಟಲಿ ಮಾತ್ರ ಒಂದು ವರ್ಷವೂ ತಪ್ಪಲಿಲ್ಲ.

ಮುನಿಶಾಮಮ್ಮನನ್ನು ಸೋದರಮಾವನಿಗೇ ಕೊಟ್ಟಿದ್ದರಿಂದ ಅವಳು ಹುಟ್ಟಿದ ಊರಲ್ಲೇ ಉಳಿದಿದ್ದಳು. ಅವಳಿಗೆ ಇಬ್ಬರೂ ಗಂಡುಮಕ್ಕಳು. ಸೊಸೆ ಮುಳಬಾಗಿಲಿನ ಅಂಗಡಿಯಿಂದ ಮಾವಿನಕಾಯಿ ಉಪ್ಪಿನಕಾಯಿ ತರುವವಳು. ಮಾಗಳಿ ಜಜ್ಜುವ ದಿನ ತವರಿಗೆ ಹೋಗುವವಳು. ಬಳ್ಳಿಯನ್ನು ತೋರಿಸಲು ಹೆಣ್ಣು ದಿಕ್ಕಿರಲಿಲ್ಲ. ಹಾಗಾಗಿ, ಎಂಬತ್ತೆಂಟನೇ ಇಸವಿಯ ಆ ಮಾಘಮಾಸದ ಬೆಳಿಗ್ಗೆ, ಅವ್ವ ಹೇಳಿದ ಮಾತನ್ನು ಮುರಿದು ತಮ್ಮನನ್ನು ಕರೆತಂದಿದ್ದಳು.

"ಒಂದೆಕರೆ ಹಂಗೇ ಬಿಡ್ತಾರಂತಲ್ಲ," ಅಂದಳು. "ಆ ಒಂದೆಕರೇನ ಇಲ್ಲಿಗೆ ಬರೋ ಹಂಗೆ ಮಾಡು."

ವಿಷಯ ಇದ್ದದ್ದು ಹೀಗೆ. ಕಾರೆಗುಟ್ಟದ ಕಲ್ಲಿಗೆ ಬೆಲೆ ಬಂದಿತ್ತು. ಗಣಿ ತೆಗೆಯಲು ಅರ್ಜಿ ಹಾಕಿದ ಕಂಪನಿಗೆ ಸರ್ಕಾರ ಒಂದು ಷರತ್ತು ಹಾಕಿತ್ತು. ಅಗೆಯುವ ಮುಂಚೆ ಗುಟ್ಟದ ಮೇಲೆ ಏನೇನು ಗಿಡ, ಎಷ್ಟೆಷ್ಟು ಇವೆಯೆಂದು ಎಣಿಸಿಡಬೇಕು. ಕಲ್ಲು ಮುಗಿದ ಮೇಲೆ ಮಣ್ಣು ತುಂಬಿ ಅವೇ ಗಿಡಗಳನ್ನು ಬೆಳೆಸಿ ಕೊಡಬೇಕು. ಆಮೇಲೆ ನೋಡಿಕೊಳ್ಳಲು ಒಂದು ಮಾದರಿ ಇರಲಿ ಎಂದು ಒಂದೆಕರೆಯನ್ನು ಯಾರೂ ಮುಟ್ಟದೆ ಹಾಗೇ ಉಳಿಸಬೇಕು. ಎಣಿಸುವ ಕೆಲಸ ಗಂಗುಲಪ್ಪನಿಗೆ ಬಂದಿತ್ತು. ಬಿದಿರುದಬ್ಬೆಯ ಚೌಕಟ್ಟೊಂದನ್ನು ಹಿಂದೆ ಮುಂದೆ ನೋಡದೆ ಎಸೆಯುವುದು, ಬಿದ್ದ ಕಡೆ ಹೋಗಿ ಅದರೊಳಗೆ ಸಿಕ್ಕ ಗಿಡಗಳನ್ನೆಲ್ಲ ಎಣಿಸುವುದು. ಅವನು ಹೆಸರು ಕೂಗಿದ ಹಾಗೆ ಊರಿನ ಕದಿರಪ್ಪ ಬರೆದುಕೊಳ್ಳುವುದು. ಬಂದರಿಕೆ, ತಂಗಡಿ, ಕಾರೆ, ಕವಳಿ, ಮತ್ತೆ ಬಂದರಿಕೆ. ಆಡು ಮೇಯಿಸುವವರು ನಿಂತು ನೋಡಿ, ಗಿಡಗಳಿಗೂ ರೇಷನ್ ಕಾರ್ಡ್ ಮಾಡಿಸಿ ಕೊಡುತ್ತೀರಾ ಮೇಷ್ಟ್ರೇ ಎಂದು ಕೇಳಿ ಹೋಗುತ್ತಿದ್ದರು.

ಮಾದರಿ ಎಕರೆಯ ವಿಷಯ ಬಂದಾಗ ನಗು ನಿಂತಿತು. ಗುಟ್ಟದ ಬುಡದಲ್ಲಿ ಹೊಲವಿದ್ದ ಚನ್ನರಾಯಪ್ಪನಿಗೆ ಅದು ತನ್ನ ಬದುವಿಗೆ ಬೇಕಾಗಿತ್ತು, ಧೂಳು ತಡೆಯುತ್ತದೆಂದು. ಆಡಿನವರಿಗೆ ನೀರಿನ ದೊಣೆಯ ಹತ್ತಿರ ಬೇಕಾಗಿತ್ತು. ಕಂಪನಿಯ ಮ್ಯಾನೇಜರನಿಗೆ ಕಲ್ಲು ಕಳಪೆಯಾದ ಕಡೆ ಬೇಕಾಗಿತ್ತು. ಕೊನೆಗೆ, ಗಣಿ ಇಲಾಖೆಯವರೆದುರು ಎಲ್ಲರೂ ಒಪ್ಪಿಕೊಂಡರು: ಗುಟ್ಟದ ನೆತ್ತಿಯ ಹಾಸುಬಂಡೆಯ ಮೇಲೆ ನಿಂತು ಚೌಕಟ್ಟನ್ನು ಒಂದೇ ಸಲ ಎಸೆಯುವುದು, ಅದು ಬಿದ್ದ ಜಾಗವನ್ನು ನಡುವೆ ಇಟ್ಟುಕೊಂಡು ಎಕರೆ ಅಳೆಯುವುದು. ಈ ದಾರಿ ಹೇಳಿದವನು ಗಂಗುಲಪ್ಪನೇ. ಎಸೆಯುವುದು ಆ ಸೋಮವಾರಕ್ಕೆ ನಿಗದಿಯಾಗಿತ್ತು.

ಅದನ್ನೆಲ್ಲ ಅವನು ಅಕ್ಕನಿಗೆ ಬಿಡಿಸಿ ಹೇಳಿದ. ತಾನು ಆರಿಸುವ ಹಾಗಿಲ್ಲ, ಆರಿಸಿದರೆ ಎರಡು ವಾರ ಎಣಿಸಿದ್ದೆಲ್ಲ ಸುಳ್ಳಾಗುತ್ತದೆ, ತನ್ನ ಮಾತಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ ಎಂದ. ಬಳ್ಳಿಯನ್ನೇ ಕಿತ್ತು ಹಿತ್ತಿಲಲ್ಲಿ ನೆಡಬಹುದಲ್ಲ ಎಂದೂ ಕೇಳಿದ.

"ಅವ್ವ ಎರಡು ಸಲ ನೆಟ್ಟಿದ್ಲು. ಎರಡು ಸಲಾನೂ ಸತ್ತೋಯ್ತು. ಅದು ಗುಟ್ಟದ ಮಣ್ಣು ಬಿಟ್ಟು ಬರಲ್ಲ." ಮುನಿಶಾಮಮ್ಮ ಕೊಂಬೆಯನ್ನು ಮೆಲ್ಲಗೆ ಕೈಬಿಟ್ಟಳು. ಬಳ್ಳಿ ಮರೆಯಾಯಿತು. "ಅವ್ವ ಇದನ್ನ ನನ್ನ ಕೈಲಿ ಕೊಟ್ಟೋದ್ಲು ಗಂಗೂ. ನನ್ನ ಕಣ್ಣೆದುರಿಗೇ ಮದ್ದಿಟ್ಟು ಹಾರಿಸ್ತಾರೆ."

ಅವನು ಚಪ್ಪಲಿ ಮೆಟ್ಟಿಕೊಂಡ.

ಸೋಮವಾರ ಹಾಸುಬಂಡೆಯ ಮೇಲೆ ಬಿಸಿಲು ಆಗಲೇ ಕಾಯುತ್ತಿತ್ತು. ಜೀಪು ಅರ್ಧಕ್ಕೆ ನಿಂತು, ಮ್ಯಾನೇಜರನೂ ಇಲಾಖೆಯ ಅಧಿಕಾರಿಯೂ ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತ ನಡೆದು ಬಂದಿದ್ದರು. ಕದಿರಪ್ಪ ಅಳತೆಯ ಸರಪಳಿಯನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದ. ಗಂಗುಲಪ್ಪ ಚೌಕಟ್ಟನ್ನು ಕೈಗೆತ್ತಿಕೊಂಡಾಗ ಮ್ಯಾನೇಜರ್ ನಯವಾಗಿಯೇ ತಡೆದ. ಮೇಷ್ಟ್ರು ಇದೇ ಊರಿನವರು, ಅವರು ಎಸೆದರೆ ನಾಳೆ ಯಾರಾದರೂ ಆಡಿಕೊಳ್ಳಬಹುದು. ತಾನು ಎಸೆದರೂ ಅದೇ ಮಾತು. ಯಾವುದೂ ಗೊತ್ತಿಲ್ಲದವರು, ಯಾವುದೂ ಬೇಡದವರು ಎಸೆಯಲಿ ಎಂದು ಅವನು ಸುತ್ತ ನೋಡಿದ. ತಲೆಯ ಮೇಲೆ ಬಂದರಿಕೆ ಸೊಪ್ಪಿನ ಹೊರೆ ಹೊತ್ತು ಹಾಸುಬಂಡೆಯ ಪಕ್ಕದಲ್ಲಿ ಇಳಿದು ಹೋಗುತ್ತಿದ್ದ ಹೆಂಗಸೊಬ್ಬಳು ಕಂಡಳು.

"ಏನಮ್ಮಾ, ಸ್ವಲ್ಪ ಇಲ್ಲಿ ಬರ್ತೀರಾ? ಇದನ್ನೊಂದು ಎಸೆದು ಕೊಡಿ," ಅಂದ.

ಮುನಿಶಾಮಮ್ಮ ಹೊರೆ ಇಳಿಸಿದಳು.

ಕದಿರಪ್ಪ ಗಂಗುಲಪ್ಪನ ಮುಖ ನೋಡಿ, ತಕ್ಷಣ ಸರಪಳಿಯ ಕೊಂಡಿಯನ್ನು ನೋಡತೊಡಗಿದ. ಹೇಳಬೇಕಾದವನು ಗಂಗುಲಪ್ಪ. ಇವಳು ನನ್ನ ಅಕ್ಕ ಎಂಬ ಮೂರು ಮಾತು. ಅದು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ಅವನಿಗೆ ಆಗ ನೆನಪಾದದ್ದು ಸಜ್ಜೆ ಹೊಲದ ಅಟ್ಟಣೆ.

ಅವನಿಗೆ ಏಳೋ ಎಂಟೋ ವರ್ಷ. ಅಕ್ಕ ಲಂಗ ದಾವಣಿಯವಳು. ತೆನೆ ಹಾಲುಗಟ್ಟುವ ಕಾಲಕ್ಕೆ ಇಬ್ಬರೂ ಅಟ್ಟಣೆಯ ಮೇಲೆ ಕೂತು ಗಿಣಿ ಕಾಯುತ್ತಿದ್ದರು. ಇವನ ಕೆಲಸ ತಗಡು ಬಡಿಯುವುದು, ಅವಳದು ಕತ್ತಾಳೆ ನಾರಿನ ಕವಣೆ. ತಲೆಯ ಸುತ್ತ ಒಂದು ಸುತ್ತು ಬೀಸಿ ಬಿಟ್ಟರೆ ಕಲ್ಲು ಸುಯ್ಯೆಂದು ಹೋಗಿ ಗಿಣಿ ಕೂತ ತೆನೆಯ ಪಕ್ಕದ ತೆನೆಗೆ ಬಡಿಯುತ್ತಿತ್ತು. ಪಕ್ಕದ್ದಕ್ಕೇ, ಏಕೆಂದರೆ ಗಿಣಿ ಸಾಯಬಾರದು. ಕವಣೆ ಇಲ್ಲದಿದ್ದಾಗ ಬರಿಗೈಯಲ್ಲಿ ಎಸೆದು ಹುಣಸೆಮರದಿಂದ ಇವನು ತೋರಿಸಿದ ಕಾಯನ್ನೇ ಕೆಡವುತ್ತಿದ್ದಳು. ಊರ ಗಂಡುಹುಡುಗರು ಅವಳ ಜೊತೆ ಗುರಿಯ ಪಂದ್ಯ ಕಟ್ಟುವುದನ್ನು ಬಿಟ್ಟೇಬಿಟ್ಟಿದ್ದರು. ಹಾಸುಬಂಡೆಯಿಂದ ದುಂಡುಬಂಡೆ ಎಷ್ಟು ದೂರ? ಒಂದು ಕವಣೆ ದೂರವೂ ಇಲ್ಲ. ಬಿದಿರಿನ ಚೌಕಟ್ಟು ಹಗುರ, ಗಾಳಿಗೆ ಓಲಾಡುತ್ತದೆ, ಆದರೂ ಅದು ಆ ಕೈ.

ಅವನು ಸುಮ್ಮನಿದ್ದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಲಗಾಲಿನ ಹೆಬ್ಬೆರಳಿನಿಂದ ಚಪ್ಪಲಿಯನ್ನು ಒತ್ತುತ್ತ ಸುಮ್ಮನೆ ನಿಂತ.

ಮುನಿಶಾಮಮ್ಮ ಚೌಕಟ್ಟನ್ನು ಒಂದು ಸಲ ಕೈಯಲ್ಲಿ ತೂಗಿ ನೋಡಿದಳು. ದುಂಡುಬಂಡೆಯ ಕಡೆ ನೋಡಿದಳು. ಆಮೇಲೆ ತಮ್ಮನ ಕಡೆ ನೋಡಿದಳು, ಸ್ವಲ್ಪ ಹೊತ್ತೇ ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಣ್ಣಾಮುಚ್ಚಾಲೆಯಲ್ಲಿ ಕಳ್ಳನಾದ ಮಗುವಿನಂತೆ ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡಳು. ಮುಚ್ಚಿಕೊಂಡೇ ನಿಂತಲ್ಲಿ ಸುತ್ತಿದಳು, ಮತ್ತೆ ಸುತ್ತಿದಳು. ಮ್ಯಾನೇಜರ್ ನಕ್ಕ. ಅವಳು ತೂರಾಡಿ ನಿಂತು, ಯಾವ ಕಡೆಗೆ ತಿರುಗಿದ್ದೇನೆಂದು ತನಗೇ ತಿಳಿಯುವ ಮುಂಚೆ ಕೈಬಿಟ್ಟಳು.

ಚೌಕಟ್ಟು ಒಮ್ಮೆ ಮಗುಚಿ, ಬಿಸಿಲಲ್ಲಿ ಮಿನುಗಿ, ಗುಟ್ಟದ ಇನ್ನೊಂದು ಮಗ್ಗುಲಿಗೆ ಹೋಯಿತು. ಆಡಿನ ದಾರಿಯ ಪಕ್ಕದಲ್ಲಿ, ಎಲ್ಲೆಲ್ಲೂ ಇರುವಂಥ ಬಂದರಿಕೆ, ತಂಗಡಿಗಳ ನಡುವೆ ಬಿತ್ತು.

ಸರಪಳಿ ಹಿಡಿದು ಅಳೆದರು. ನಾಲ್ಕೂ ಮೂಲೆಗೆ ಕಲ್ಲು ನೆಟ್ಟು ಸುಣ್ಣ ಬಳಿದರು. ದುಂಡುಬಂಡೆ ಬಹಳ ಹೊರಗೆ ಉಳಿಯಿತು. ಅದು ಮೊದಲು ಒಡೆಯುವ ಭಾಗ ಎಂದು ಮ್ಯಾನೇಜರ್ ಅಧಿಕಾರಿಗೆ ಕೈಮಾಡಿ ತೋರಿಸುತ್ತಿದ್ದ. ಮುನಿಶಾಮಮ್ಮ ಆಗಲೇ ಹೊರೆ ಎತ್ತಿಕೊಂಡು ಹೋಗಿಯಾಗಿತ್ತು.

ಮಧ್ಯಾಹ್ನ ಗಂಗುಲಪ್ಪ ಅವಳ ಮನೆಗೆ ಹೋದ. ಅವಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎದ್ದು ಮಜ್ಜಿಗೆ ತಂದುಕೊಟ್ಟಳು, ಕರಿಬೇವು ಹಿಸುಕಿದ ಮಜ್ಜಿಗೆ. ಅವನು ಲೋಟ ಅರ್ಧ ಮಾಡಿ ಕೆಳಗಿಟ್ಟು, ಕಣ್ಣು ಯಾಕೆ ಮುಚ್ಚಿಕೊಂಡೆ ಎಂದು ಕೇಳಿದ.

"ನೀನೇ ಅಲ್ವ ಹೇಳಿದ್ದು, ಯಾರೂ ಆರಿಸಬಾರದು ಅಂತ."

"ನಾನು ಬಾಯಿ ಮುಚ್ಕೊಂಡಿದ್ನಲ್ಲಕ್ಕ. ಗೊತ್ತಾಗ್ಲಿಲ್ವಾ ನಿಂಗೆ?"

"ಗೊತ್ತಾಯ್ತು. ಅದಕ್ಕೇ." ಅವಳು ಒಂದು ಕಾಯಿ ಬಿಡಿಸಿ, ಹುಳು ಹಿಡಿದ ಕಾಳನ್ನು ಅಂಗಳಕ್ಕೆ ಎಸೆದಳು. ಕೋಳಿ ಓಡಿಬಂತು. "ಚಿಕ್ಕೋನಿದ್ದಾಗ ಅವ್ವನ ಮುಂದೆ ಸುಳ್ಳು ಹೇಳೋವಾಗ ಹಂಗೇ ನಿಂತ್ಕೊಳ್ತಿದ್ದೆ. ಕೈ ಹಿಂದಕ್ಕೆ ಕಟ್ಕೊಂಡು, ಹೆಬ್ಬೆರಳು ಒತ್ಕೊಂಡು. ಇವತ್ತೂ ಹಂಗೇ ನಿಂತಿದ್ದೆ. ನಿನ್ನ ಹಂಗೆ ನಿಲ್ಸಿ ತಂದ ಬೇರು ಜಾಡೀಲಿ ನಿಲ್ಲುತ್ತೇನೋ? ಬೂಸ್ಟು ಬರ್ತದೆ ಕಣೋ."

ಅವನು ಉಳಿದರ್ಧ ಮಜ್ಜಿಗೆ ಕುಡಿದ. ಅವಳು ಎದ್ದು ಹೋಗಿ ಅಟ್ಟದ ಮೇಲಿಂದ ಒಂದು ಬಾಟಲಿ ಇಳಿಸಿ ತಂದು ಅವನ ಚೀಲದಲ್ಲಿಟ್ಟಳು. ಕಡೆಯದು ಎಂದು ಇಬ್ಬರೂ ಹೇಳಲಿಲ್ಲ.

ಗಣಿಯ ಮದ್ದು ಚೈತ್ರದಲ್ಲಿ ಮೊದಲ ಸಲ ಹಾರಿತು. ಗುಟ್ಟಪಲ್ಲಿಯ ಹೆಂಚುಗಳು ಅದುರಿದವೆಂದೂ, ಕೆಲವರ ರೇಷ್ಮೆಹುಳು ಮೇವು ಬಿಟ್ಟವೆಂದೂ, ಹಾಗೇ ಹನ್ನೆರಡು ಜನಕ್ಕೆ ಕೆಲಸ ಸಿಕ್ಕಿತೆಂದೂ ಕೋಲಾರಕ್ಕೆ ಸುದ್ದಿ ಬರುತ್ತಿತ್ತು. ಗಂಗುಲಪ್ಪನ ಮನೆಯಲ್ಲಿ ಬಾಟಲಿ ತಳ ಕಂಡಿತ್ತು. ಹೆಂಡತಿ ಶಾಮಲಮ್ಮ ಕೊನೆಯ ನಾಲ್ಕು ತುಂಡುಗಳನ್ನು ಮುಟ್ಟದೆ ಹಾಗೇ ಇಟ್ಟಿದ್ದಳು. ಯಾರಾದರೂ ಮುಚ್ಚಳ ತೆಗೆದರೆ ಮನೆಯೆಲ್ಲ ಒಂದು ಗಳಿಗೆ ಊರಾಗುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಮಾದರಿ ಎಕರೆಯನ್ನು ಮತ್ತೊಮ್ಮೆ ಎಣಿಸಬೇಕಾಗಿತ್ತು. ಆಶ್ವಯುಜದ ಒಂದು ಬೆಳಿಗ್ಗೆ ಗಂಗುಲಪ್ಪ ಮತ್ತೆ ಗುಟ್ಟ ಹತ್ತಿದ. ಹಾಸುಬಂಡೆಯ ಮೇಲಿಂದ ನೋಡಿದರೆ ಒಂದು ಕಡೆ ದುಂಡುಬಂಡೆಯಿದ್ದ ಜಾಗದಲ್ಲಿ ಬಿಳಿಯ ಗೋಡೆಯಂಥ ಕೊರಕಲು. ಲಾರಿ ಇಳಿಯುವ ದಾರಿ. ಗಾಳಿಯಲ್ಲಿ ಹಿಟ್ಟಿನಂಥ ಪುಡಿ. ಇನ್ನೊಂದು ಕಡೆ ಸುಣ್ಣದ ಕಲ್ಲುಗಳ ನಡುವೆ ತಂಗಡಿ ಹೂ ಬಿಟ್ಟು ಹಳದಿಯಾಗಿ ನಿಂತಿತ್ತು. ಚಿಕ್ಕವನಿದ್ದಾಗ ಇಡೀ ಗುಟ್ಟ ಹಾಗಿರುತ್ತಿತ್ತು ಈ ತಿಂಗಳಲ್ಲಿ, ಸಂಜೆ ಮನೆಗೆ ಹೋದರೆ ಆಡುಗಳ ಬೆನ್ನ ಮೇಲೂ ಹಳದಿ ಪುಡಿ.

ಕದಿರಪ್ಪ ಬರೆಯಲು ಕೂತ. ಗಂಗುಲಪ್ಪ ಮೊಣಕಾಲೂರಿ ಒಂದು ಮೂಲೆಯಿಂದ ಹೆಸರು ಕೂಗುತ್ತ ಬಂದ. ಬಂದರಿಕೆ. ತಂಗಡಿ. ಕವಳಿ. ಬಂದರಿಕೆ. ನಡುವೆ ಒಂದು ಕಾರೆಮೆಳೆಯಿತ್ತು. ಅದರ ಬುಡದಲ್ಲಿ ಮಣ್ಣು ಅಂಗೈಯಿಂದ ತಟ್ಟಿದ ಹಾಗೆ ಸಮವಾಗಿತ್ತು, ಮೇಲೆ ಒಲೆಯ ಬೂದಿ ಚೆಲ್ಲಿದ್ದು ಮಳೆಗೆ ಕರಗಿ ಕಲೆಯಾಗಿ ಉಳಿದಿತ್ತು. ಮುಳ್ಳುಕೊಂಬೆ ಎತ್ತಿದ. ದಾರದಷ್ಟು ಸಣ್ಣ ಬಳ್ಳಿ, ಕೆಂಪು ಕುಡಿ, ನಾಲ್ಕು ಜೊತೆ ಎಲೆ. ಕಾರೆಯ ಕೊಂಬೆಗೆ ಒಂದೂವರೆ ಸುತ್ತು ಹಾಕಿಕೊಂಡಿತ್ತು.

ಅವನು ಎಲೆಗಳನ್ನು ಮತ್ತೊಮ್ಮೆ ಎಣಿಸಿದ. ಕದಿರಪ್ಪ ತಲೆಯೆತ್ತಿ ನೋಡಿದ.

"ಮಾಗಳಿ," ಅಂದ ಗಂಗುಲಪ್ಪ. "ಒಂದು."

"ಹೋದ ಸಲ ಇರ್ಲಿಲ್ವಲ್ಲ ಮೇಷ್ಟ್ರೇ?"

"ಇರ್ಲಿಲ್ಲ. ಈಗ ಐತೆ. ಹೊರಗಿಂದ ತಂದು ನೆಟ್ಟಿದ್ದು ಅಂತ್ಲೂ ಬರ್ಕೊ."

"ಯಾರು ನೆಟ್ರು ಅಂತ ಬರೀಲಿ?"

"ಅದನ್ನ ಕೇಳಿಲ್ಲ ಅದ್ರಲ್ಲಿ."

ಕದಿರಪ್ಪ ನಗದೆ ಬರೆದುಕೊಂಡ. ಗಂಗುಲಪ್ಪ ಚಪ್ಪಲಿ ಬಿಟ್ಟು ಮೆಳೆಯಿಂದ ಆಚೆಗಿಟ್ಟು ಮತ್ತೆ ಮೊಣಕಾಲೂರಿದ.

ಅಷ್ಟರಲ್ಲಿ ಆಡಿನ ದಾರಿಯಲ್ಲಿ ಗಂಟೆಯ ಸದ್ದು ಕೇಳಿಸಿತು. ಆಡುಗಳ ಹಿಂದೆ ಮುನಿಶಾಮಮ್ಮ ಬರುತ್ತಿದ್ದಳು, ತಲೆಯ ಮೇಲೆ ಸೆರಗು, ಕಂಕುಳಲ್ಲಿ ಕುಡುಗೋಲು. ದೂರದಲ್ಲೇ ಇದ್ದಳು, ಇವರನ್ನು ನೋಡಿದಳೋ ಇಲ್ಲವೋ, ನೋಡಿದ ಹಾಗೆ ತೋರಿಸಿಕೊಳ್ಳಲಿಲ್ಲ. ಕರಿಯ ಹೋತವೊಂದು ಗುಂಪು ಬಿಟ್ಟು ಸುಣ್ಣದ ಕಲ್ಲು ದಾಟಿ ಒಳಗೆ ಬಂತು. ಗಂಗುಲಪ್ಪ ಕೈ ಎತ್ತುವ ಮೊದಲೇ ಕಾರೆಮೆಳೆಯ ಇನ್ನೊಂದು ಮಗ್ಗುಲಿಂದ ಕತ್ತು ಚಾಚಿ ಕೆಂಪು ಕುಡಿಯ ಕಡೆಗೆ ತುಟಿ ನೀಡಿತು.

ಕಲ್ಲು ಸುಯ್ಯೆಂದು ಬಂತು. ಹೋತದ ಮೂತಿಗೂ ಬಳ್ಳಿಗೂ ನಡುವೆ ಇದ್ದ ನಾಲ್ಕು ಬೆರಳು ಜಾಗದಲ್ಲಿ ಬಿದ್ದು ಮಣ್ಣು ಎಬ್ಬಿಸಿತು. ಹೋತ ಹಾರಿ ಹಿಂದಕ್ಕೆ ಓಡಿತು. ಗಂಗುಲಪ್ಪ ತಲೆಯೆತ್ತಿ ನೋಡುವಷ್ಟರಲ್ಲಿ ಮುನಿಶಾಮಮ್ಮ ಕೈ ಕೊಡವಿಕೊಂಡು, ಆಡುಗಳನ್ನು ಹೊಡೆದುಕೊಂಡು ಇಳಿಜಾರಿನಲ್ಲಿ ಹೋಗುತ್ತಿದ್ದಳು. ಬಳ್ಳಿಯ ಎಲೆಗಳು ಸ್ವಲ್ಪ ಹೊತ್ತು ಅಲುಗಿ ನಿಂತವು.